ಲಬ್ಬೈಕ್ ಎಂಬ ಓಗೊಡುವಿಕೆ

ಉಜ್ಜಿನಿಯ ಮರುಳಸಿದ್ಧೇಶ್ವರ ದೇಗುಲದ ಶಿಖರ ತೈಲಾಭಿಷೇಕಕ್ಕೆ ನೆರೆಯುವ ಜನಸ್ತೋಮದ ಕೂಗನ್ನು ನಮ್ಮ ಸೀಮೆಯವರು ಕೇಳಿಬಲ್ಲರು. ಅಲ್ಲಿ ಕರೆಯುವವನು ಭಕ್ತನು, ಓಗೊಡಬೇಕಾದವನು ದೇವರು. ಮಕ್ಕಾಯಾತ್ರೆಗೆ ಹೊರಟ ಮುಸಲ್ಮಾನನು ಪಠಿಸುವ ‘ತಲ್ಬಿಯಾ’ದಲ್ಲಿ ಈ ಕ್ರಮವು ತಿರುವುಮುರುವಾಗಿದೆ. ಯಾತ್ರೆಯನ್ನು ಜನರಿಗೆ ಸಾರಬೇಕೆಂದು ಇಬ್ರಾಹೀಮರಿಗಾದ ಅಪ್ಪಣೆಯು ಕುರಾನಿನ 22ನೆಯ ಅಧ್ಯಾಯದಲ್ಲಿದೆ. ಆ ಕರೆಗೆ ಯಾತ್ರಿಕನು ‘ಓ’ ಎನ್ನುವುದೇ ‘ಲಬ್ಬೈಕ್’.

ಈ ಪದಕ್ಕೆ ಮೂಲವು ಒಂದೆಡೆ ನೆಲೆನಿಲ್ಲು ಎಂಬರ್ಥದ ಧಾತುವೆಂದು ಅರಬ್ಬೀ ವೈಯಾಕರಣರಲ್ಲಿ ಅನೇಕರ ಮತ. ರೂಪವು ದ್ವಿವಚನವಾದರೂ ಎರಡೆಂಬ ಎಣಿಕೆ ಉದ್ದಿಷ್ಟವಲ್ಲ. ತಾಯಿ ಕರೆದಾಗ ನಮ್ಮ ಮಕ್ಕಳು ‘ಬಂದೆ, ಬಂದೆ’ ಎನ್ನುವಂತೆ ಅದು ಒತ್ತಿ ಹೇಳುವ ರೀತಿ. ‘ಇಗೋ ಬಂದಿದ್ದೇನೆ’ ಎಂದು ಭಾಷಾಂತರಿಸುವುದು ವಾಡಿಕೆ. ತಪ್ಪೆನ್ನಲಾರೆ, ಆದರೆ ಬಂದವನು ಹೊರಟುಹೋಗಲೂಬಹುದಷ್ಟೆ! ‘ನಿನ್ನ ಅಪ್ಪಣೆಯಲ್ಲಿ ನಿಂತೇ ಇದ್ದೇನೆ’ ಎಂಬುದು ಧಾತುವಿಗೆ ಹೆಚ್ಚು ಹತ್ತಿರ.

ಈ ಪಾಠವು ಇಸ್ಲಾಮಿಗಿಂತ ಹಳೆಯದೆಂಬುದು ಇತಿಹಾಸಾಸಕ್ತರು ಗಮನಿಸತಕ್ಕ ಸಂಗತಿ. ಹಿಂದಿನ ಅರಬ್ಬರು ಕಾಬಾವನ್ನು ಸುತ್ತುವಾಗ ದೇವನಿಗೆ ಸಹಭಾಗಿಯಿಲ್ಲವೆಂದು ನುಡಿದು, ಒಡನೆಯೇ, ಅವನ ಅಧೀನದಲ್ಲಿರುವ ಒಬ್ಬ ಸಹಭಾಗಿಯ ಹೊರತು ಎಂದು ಸೇರಿಸುತ್ತಿದ್ದರು. ಅವರು ಮೊದಲರ್ಧವನ್ನು ಹೇಳುತ್ತಲೇ, ಅಷ್ಟು ಸಾಕೆಂದು ಪೈಗಂಬರರು ತಡೆಯುತ್ತಿದ್ದರೆಂಬ ವೃತ್ತಾಂತವು ಇಮಾಮ್ ಮುಸ್ಲಿಮರ ಹದೀಸ್ ಸಂಗ್ರಹದಲ್ಲಿದೆ. ಪೂರ್ವಿಕರ ಮಾತನ್ನು ಅಳಿಸದೆ, ಅದರ ಬಾಲವನ್ನು ಮಾತ್ರ ಕತ್ತರಿಸಿದುದು ಎಂತಹ ಸೂಕ್ಷ್ಮವಾದ ಸುಧಾರಣೆ! 632ರ ವಿದಾಯಯಾತ್ರೆಯಲ್ಲಿ ಅವರು ಪಠಿಸಿದ ಪಾಠವೇ ಇಂದಿಗೂ ನಡೆದುಬಂದಿದೆ. ಸ್ತುತಿಯೂ ಅನುಗ್ರಹವೂ ರಾಜ್ಯವೂ ದೇವನವೇ, ಅವನಿಗೆ ಸಹಭಾಗಿಯಿಲ್ಲ ಎಂಬಿಷ್ಟೇ ಅದರ ತಾತ್ಪರ್ಯ. ಧನ, ಸಂತಾನ, ಆರೋಗ್ಯ ಮೊದಲಾದ ಯಾವ ಬೇಡಿಕೆಯೂ ಅದರಲ್ಲಿಲ್ಲ.

ಯಾತ್ರಾದೀಕ್ಷೆಯಾದ ಇಹ್ರಾಮಿನೊಡನೆ ಪಠನವು ಮೊದಲಾಗುತ್ತದೆ. ಗಂಡಸರು ಗಟ್ಟಿಯಾಗಿ, ಹೆಂಗಸರು ಮೆಲುದನಿಯಲ್ಲಿ ಹೇಳುವುದು ಕ್ರಮ. ನಮ್ಮ ಬಯಲುಸೀಮೆಯಲ್ಲಿ ಬಹುಮಟ್ಟಿಗೆ ಹನಫೀ ಪಂಥ; ಅದರಂತೆ ತಲ್ಬಿಯಾ ಅಥವಾ ಅದಕ್ಕೆ ಸಮನಾದ ದೇವಸ್ಮರಣೆಯಿಲ್ಲದೆ ಬರಿಯ ಸಂಕಲ್ಪದಿಂದ ದೀಕ್ಷೆಯು ಸಿದ್ಧಿಸದು. ಭಟ್ಕಳದ ನವಾಯತರು ಅನುಸರಿಸುವ ಶಾಫಿಯೀ ಪಂಥದಲ್ಲಿ ಸಂಕಲ್ಪವೇ ಸಾಕು, ಪಠನವು ಸುನ್ನತ್ತು. ಮುಂಬಯಿಯಿಂದ ಹಡಗಿನಲ್ಲಿ ಹೋಗುತ್ತಿದ್ದವರು ಯಲಮ್ಲಮ್ ಎಂಬ ಸ್ಥಳದ ನೇರಕ್ಕೆ ಬರುವಾಗ ಸಮುದ್ರದ ಮೇಲೆಯೇ ಇಹ್ರಾಮ್ ತೊಟ್ಟು ಲಬ್ಬೈಕ್ ಎನ್ನುತ್ತಿದ್ದರು. ಆ ಹಡಗಿನ ಪ್ರಯಾಣವು 1995ರಲ್ಲಿ ನಿಂತುಹೋಯಿತು. ವಿಮಾನದಲ್ಲಿ ಹೋಗುವ ಅನೇಕರು ಈಗ ಹತ್ತುವ ಮೊದಲೇ ಇಹ್ರಾಮ್ ತೊಡುತ್ತಾರೆ.

ಪೈಗಂಬರರ ವಂಶಜರಾದ ಜೈನುಲ್ ಆಬಿದೀನರು ಈ ಮಾತನ್ನಾಡಲು ಹೋಗಿ ವಿವರ್ಣರಾಗಿ ನಡುಗಿದರೆಂದು ಒಂದು ಪ್ರಸಿದ್ಧ ಕಥೆಯುಂಟು. ಕೇಳಿದವರಿಗೆ ಅವರು, ನಿನ್ನ ಓಗೊಡುವಿಕೆ ಬೇಡವೆಂದು ಮರುನುಡಿ ಬಂದೀತೆಂಬ ಭಯವೆಂದರಂತೆ. ಅರ್ಥವನ್ನರಿತು ಹೇಳುವವನಿಗೆ ಈ ಭಯವು ಸಹಜವಾದುದೇ.

ಹಜ್ಜ್ ತಿಂಗಳ ಹತ್ತನೆಯ ದಿನ, ಮಿನಾದಲ್ಲಿ ಜಮ್ರತುಲ್ ಅಕಬಾಕ್ಕೆ ಮೊದಲ ಕಲ್ಲನ್ನೆಸೆಯುತ್ತಲೇ, ಈ ಎರಡು ಪಂಥದವರೂ ತಲ್ಬಿಯಾವನ್ನು ನಿಲ್ಲಿಸಿ ತಕ್ಬೀರ್ ಹೇಳತೊಡಗುತ್ತಾರೆ.