ಆಟದ ಮನೆಯ ಬಾಡಿಗೆ

ಚರಿತ್ರೆಯ ತರಗತಿಯಲ್ಲಿ ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಪಾಠ ಬಂದಾಗ ನಿಮಗೆಲ್ಲ ಎರಡು ಗ್ರಂಥಗಳ ಹೆಸರನ್ನು ಬಾಯಿಪಾಠ ಮಾಡಿಸುತ್ತಿದ್ದುದು ನೆನಪಿರಬಹುದು. ಒಂದು ಬಿಲ್ಹಣನ ವಿಕ್ರಮಾಂಕದೇವಚರಿತ, ಇನ್ನೊಂದು ವಿಜ್ಞಾನೇಶ್ವರನ ಮಿತಾಕ್ಷರ. ಎರಡು ಅಂಕದ ಪ್ರಶ್ನೆಗೆ ಅಷ್ಟೇ ಸಾಕಾಗಿತ್ತು. ಮಿತಾಕ್ಷರವು ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ವ್ಯಾಖ್ಯಾನವೆಂದೂ, ಆಸ್ತಿಯ ಪಾಲಿನ ವಿಚಾರದಲ್ಲಿ ಬಂಗಾಳದ ಕಡೆಯನ್ನು ಬಿಟ್ಟು ದೇಶದ ಬಹುಭಾಗದ ನ್ಯಾಯಾಲಯಗಳು ಅದನ್ನೇ ಪ್ರಮಾಣವಾಗಿ ಹಿಡಿದವೆಂದೂ ಒಂದು ವಾಕ್ಯ ಸೇರಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು. ಪಠ್ಯಪುಸ್ತಕಕ್ಕೆ ಅದಕ್ಕಿಂತ ಹೆಚ್ಚಿನ ಬಿಡುವಿರಲಿಲ್ಲ.

ನಿವೃತ್ತಿಯ ನಂತರದ ಬಿಡುವಿನಲ್ಲಿ ಆ ಗ್ರಂಥದ ವ್ಯವಹಾರಾಧ್ಯಾಯವನ್ನು ನಿಧಾನವಾಗಿ ಓದುತ್ತಾ ಹೋದಾಗ ಅದರಲ್ಲಿ ಆಸ್ತಿ, ಸಾಲ, ಗಡಿಜಗಳಗಳ ಜೊತೆಗೆ ಒಂದು ಪುಟ್ಟ ಪ್ರಕರಣ ಕಣ್ಣಿಗೆ ಬಿತ್ತು. ಅದರ ಹೆಸರು ದ್ಯೂತಸಮಾಹ್ವಯ. ಜೀವವಿಲ್ಲದ ದಾಳ, ಕವಡೆಗಳಿಂದ ಪಂತ ಕಟ್ಟಿ ಆಡುವುದು ದ್ಯೂತ; ಕೋಳಿ, ಟಗರು ಮುಂತಾದ ಜೀವಿಗಳನ್ನು ಕಾದಿಸಿ ಆಡುವುದು ಸಮಾಹ್ವಯ. ನಮ್ಮ ಸಂಪಾಜೆ ಘಟ್ಟ ಇಳಿದ ಕೂಡಲೇ ಸಿಗುವ ಕೋಳಿ ಅಂಕವನ್ನು ಬಲ್ಲವರಿಗೆ ಎರಡನೆಯದನ್ನು ವಿವರಿಸಬೇಕಾಗಿಲ್ಲ. ನನ್ನ ಕುತೂಹಲವನ್ನು ಕೆರಳಿಸಿದ್ದು ಆಟವಲ್ಲ, ಆಟದ ಮನೆಯನ್ನು ನಡೆಸುವವನ ಲೆಕ್ಕಾಚಾರ. ಅವನಿಗೆ ಸಭಿಕನೆಂದು ಹೆಸರು. ಗೆದ್ದ ಮೊತ್ತ ನೂರು ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಅವನು ನೂರಕ್ಕೆ ಐದರಂತೆ ತೆಗೆದುಕೊಳ್ಳಬೇಕು. ಅದಕ್ಕಿಂತ ಕಡಿಮೆ ಗೆದ್ದವನಿಂದ ನೂರಕ್ಕೆ ಹತ್ತು. ಅದಕ್ಕೆ ಪ್ರತಿಯಾಗಿ ರಾಜನಿಗೆ ಒಪ್ಪಿದ ಪಾಲನ್ನು ಸಲ್ಲಿಸಬೇಕು, ಸೋತವನಿಂದ ವಸೂಲು ಮಾಡಿ ಗೆದ್ದವನಿಗೆ ಕೊಡಿಸಬೇಕು, ಸತ್ಯ ನುಡಿಯಬೇಕು, ತಾಳ್ಮೆಯಿಂದಿರಬೇಕು. ಮೋಸದ ದಾಳ ಹಾಕಿದವನಿಗೆ ಮೈಮೇಲೆ ಮುದ್ರೆಯೊತ್ತಿ ಗಡೀಪಾರು.

ಚಿಕ್ಕ ಗೆಲುವಿನವನು ದುಪ್ಪಟ್ಟು ಕೊಡಬೇಕೆಂಬ ಈ ಲೆಕ್ಕ ನನಗೆ ಹಿಡಿಸಲಿಲ್ಲ. ಆದರೂ ಸುಮಾರು 900 ವರ್ಷಗಳ ಹಿಂದೆ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಕುಳಿತ ಒಬ್ಬ ಪಂಡಿತನು ‘ಆಟ ಆಡಿಸುವವನು ಆಡುವವನಿಂದ ಎಷ್ಟು ತೆಗೆದುಕೊಳ್ಳಬಹುದು’ ಎಂಬ ಪ್ರಶ್ನೆಯನ್ನು ನ್ಯಾಯದ ಪ್ರಶ್ನೆಯೆಂದೇ ತಿಳಿದು ವ್ಯಾಖ್ಯಾನ ಬರೆದನೆಂಬುದು ಸಾಮಾನ್ಯ ಸಂಗತಿಯಲ್ಲ.

ಕೌಟಿಲ್ಯನು ಅವನಿಗಿಂತ ಹಿಂದಿನವನು. ಅರ್ಥಶಾಸ್ತ್ರದ ದ್ಯೂತಾಧ್ಯಕ್ಷ ಸರ್ಕಾರಿ ನೌಕರ. ಅವನಿಗೂ ಗೆದ್ದದ್ದರಲ್ಲಿ ನೂರಕ್ಕೆ ಐದು. ಅದರ ಮೇಲೆ ಕವಡೆ ದಾಳಗಳ ಬಾಡಿಗೆ, ಕುಡಿಯುವ ನೀರಿಗೆ, ಕುಳಿತ ಜಾಗಕ್ಕೆ, ಪರವಾನಗಿಗೆ ಬೇರೆ ಬೇರೆ ಶುಲ್ಕ. ಗೊತ್ತುಪಡಿಸಿದ ಜಾಗ ಬಿಟ್ಟು ಬೇರೆಡೆ ಆಡಿದರೆ 12 ಪಣ ದಂಡ. ಇಲ್ಲಿ ಎರಡು ಬಗೆಯ ವಸೂಲಿ ಒಂದೇ ಸಾಲಿನಲ್ಲಿ ನಿಂತಿರುವುದನ್ನು ಗಮನಿಸಿ. ನೀರು, ಜಾಗ, ದಾಳಗಳ ಬಾಡಿಗೆ ಸೋತವನಿಗೂ ಗೆದ್ದವನಿಗೂ ಒಂದೇ. ನೂರಕ್ಕೆ ಐದು ಎಂಬುದು ಹಾಗಲ್ಲ. ಪಂತ ಏರಿದಷ್ಟೂ ಅದು ಏರುತ್ತದೆ. ಮೊದಲನೆಯದರಿಂದ ಬದುಕುವ ಯಜಮಾನನಿಗೆ ನೀವು ಸುಖವಾಗಿ ಆಡಿ ಮನೆಗೆ ಹೋದರೆ ನಷ್ಟವಿಲ್ಲ. ಎರಡನೆಯದರಿಂದ ಬದುಕುವವನಿಗೆ ನೀವು ಏಳಲೇಬಾರದು.

ಈ ಹಳೆಯ ಪುಟಗಳನ್ನು ಈಗ ತೆರೆಯಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಆನ್‌ಲೈನ್ ಇಸ್ಪೀಟಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯಿದೆಯನ್ನು ಅಂಗೀಕರಿಸಿದ ಮೇಲೆ ಅವನ ಕೆಲಸ ಹೋಯಿತು. ಹುತ್ತರಿಗೆ ಊರಿಗೆ ಬಂದವನು ನಮ್ಮ ಮನೆಗೂ ಬಂದು, ಕಾಫಿ ಕುಡಿದು, ಬಹಳ ಹೊತ್ತು ಸುಮ್ಮನಿದ್ದು, “ಸಾರ್, ಆರು ವರ್ಷ ನಾನು ಮಾಡಿದ್ದು ಜೂಜಿನ ಮನೆಯ ಕೆಲಸವೇ?” ಎಂದು ಕೇಳಿದ. ಥಟ್ಟನೆ ಹೌದು ಅಥವಾ ಇಲ್ಲ ಎನ್ನುವಂಥ ಪ್ರಶ್ನೆ ಅದಲ್ಲ. ಅವನಿಗೆ ಆ ದಿನ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸ್ವತಂತ್ರ ಭಾರತದ ನ್ಯಾಯಾಲಯಕ್ಕೆ ಸಭಿಕನು ಎದುರಾದದ್ದು ಸಿಕಂದರಾಬಾದಿನ ಕ್ರೆಸೆಂಟ್ ರಿಕ್ರಿಯೇಷನ್ ಕ್ಲಬ್ಬಿನ ರೂಪದಲ್ಲಿ. 1963ರ ಮೇ ತಿಂಗಳಲ್ಲಿ ಪೊಲೀಸರು ದಾಳಿ ಮಾಡಿದಾಗ ಸದಸ್ಯರು ಹಣ ಕಟ್ಟಿ ರಮ್ಮಿ ಆಡುತ್ತಿದ್ದರು. ಆಟಕ್ಕೆ ಕುಳಿತವರಿಂದ ಕ್ಲಬ್ಬು ಆಟಕ್ಕೆ ಐದು ಪಾಯಿಂಟಿನಂತೆ ಶುಲ್ಕ ಪಡೆಯುತ್ತಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1967ರಲ್ಲಿ ತೀರ್ಪಾಯಿತು. ನ್ಯಾಯಮೂರ್ತಿ ಹಿದಾಯತುಲ್ಲಾ ಅವರು, ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡುವುದು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವುದು ಮುಖ್ಯವಾದ್ದರಿಂದ ಅದು ಪ್ರಧಾನವಾಗಿ ಕೌಶಲದ ಆಟವೆಂದರು. ಈ ಮಾತನ್ನು ರಮ್ಮಿಯ ಪರವಾಗಿ ವಾದಿಸುವವರೆಲ್ಲ ಅಂದಿನಿಂದ ಉದ್ಧರಿಸುತ್ತ ಬಂದಿದ್ದಾರೆ. ಅದೇ ತೀರ್ಪಿನ ಮತ್ತೊಂದು ಭಾಗವನ್ನು ಅಷ್ಟು ಉತ್ಸಾಹದಿಂದ ಯಾರೂ ಉದ್ಧರಿಸುವುದಿಲ್ಲ. ಟೆನ್ನಿಸ್, ಬಿಲಿಯರ್ಡ್ಸ್ ಮೊದಲಾದ ಆಟಗಳಿಗೆ ಕ್ಲಬ್ಬುಗಳು ಶುಲ್ಕ ಪಡೆಯುವಂತೆ ಇಸ್ಪೀಟಿಗೂ ಮಿತವಾದ ಶುಲ್ಕ ಪಡೆದರೆ ತಪ್ಪಿಲ್ಲ. ಆದರೆ ಪಂತ ಕಟ್ಟಿದ ಆಟದಿಂದಲೇ ಮನೆಯ ಯಜಮಾನನು ಲಾಭ ಮಾಡಿಕೊಳ್ಳುತ್ತಿದ್ದರೆ, ಆಟ ರಮ್ಮಿಯೇ ಆಗಿದ್ದರೂ ಅಪರಾಧ ಸಾಬೀತಾಗಬಹುದು ಎಂಬುದು ಅದರ ಸಾರಾಂಶ. ನಮ್ಮ ಕೊಡಗಿನ ಕ್ಲಬ್ಬುಗಳ ಇಸ್ಪೀಟು ಮೇಜುಗಳನ್ನು ಕಂಡವರಿಗೆ ಇದರ ವಿವೇಕ ಸುಲಭವಾಗಿ ಅರ್ಥವಾದೀತು. ದೀಪ, ಮೇಜು, ಹೊಸ ಎಲೆಗಳ ಕಟ್ಟು, ಚಹಾ ತಂದುಕೊಡುವ ಹುಡುಗನ ಸಂಬಳ, ಇವುಗಳಿಗೆ ಹಣ ಬೇಕೇ ಬೇಕು.

ಆನ್‌ಲೈನ್ ಕಂಪನಿಗಳು ಇದೇ ತೀರ್ಪಿನ ಆಶ್ರಯದಲ್ಲಿ ಬೆಳೆದವು. 2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರವು ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೇಮ್ಸ್‌ಕ್ರಾಫ್ಟ್ ಕಂಪನಿಗೆ ಸುಮಾರು 21,000 ಕೋಟಿ ರೂಪಾಯಿಗಳ ತೆರಿಗೆಯ ನೋಟಿಸು ಬಂತು. ಕಂಪನಿಯ ವಾದವೆಂದರೆ, ಪಂತದ ಹಣ ಆಟಗಾರರದು, ತನ್ನ ಆದಾಯವೆಂದರೆ ಸುಮಾರು ನೂರಕ್ಕೆ ಹತ್ತರಷ್ಟಿರುವ ವೇದಿಕೆಯ ಶುಲ್ಕ ಮಾತ್ರ. 2023ರ ಮೇ ತಿಂಗಳಲ್ಲಿ ಹೈಕೋರ್ಟು ಅದನ್ನು ಒಪ್ಪಿ ನೋಟಿಸನ್ನು ರದ್ದುಗೊಳಿಸಿತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ತೆರಿಗೆಯ ಗೋಜು ನಮಗೆ ಬೇಡ. ನೂರಕ್ಕೆ ಹತ್ತು ಎಂದೊಡನೆ ನನಗೆ ಸಭಿಕನು ನೆನಪಾದನೆಂಬುದಷ್ಟೇ ಇಲ್ಲಿ ಮುಖ್ಯ.

ನೂರಕ್ಕೆ ಹತ್ತು ದೊಡ್ಡದೇನೂ ಅಲ್ಲವೆಂದು ತೋರುತ್ತದೆ. ಸ್ಲೇಟು ಹಿಡಿದು ಲೆಕ್ಕ ಹಾಕೋಣ. ಸಮಾನ ಜಾಣರಾದ ಇಬ್ಬರು ಅಣ್ಣತಮ್ಮಂದಿರು ತಲಾ 500 ರೂಪಾಯಿ ಹಿಡಿದು ಕುಳಿತಿದ್ದಾರೆನ್ನಿ. ಪ್ರತಿ ಆಟಕ್ಕೂ ತಲಾ 100 ಕಟ್ಟುತ್ತಾರೆ. ಮನೆಯವನು 20 ತೆಗೆದುಕೊಂಡು ಉಳಿದ 180ನ್ನು ಗೆದ್ದವನಿಗೆ ಕೊಡುತ್ತಾನೆ. ಒಂದು ಆಟ ಅಣ್ಣ ಗೆದ್ದರೆ ಮುಂದಿನದು ತಮ್ಮನದು. 30 ಆಟಗಳಾಗುವಾಗ ಇಬ್ಬರಲ್ಲಿ ಯಾರೂ ಸೋತಿಲ್ಲ, ಯಾರೂ ಗೆದ್ದಿಲ್ಲ. ಆದರೆ ತಂದಿದ್ದ 1,000 ರೂಪಾಯಿಗಳಲ್ಲಿ 600 ಮನೆಯವನ ಪೆಟ್ಟಿಗೆ ಸೇರಿ ಇಬ್ಬರಿಗೂ ಕೂಡಿ 400 ಉಳಿದಿರುತ್ತದೆ. ಕ್ಲಬ್ಬಿನಲ್ಲಿ 30 ಆಟವಾಡಲು ಸಂಜೆಯೆಲ್ಲ ಬೇಕು, ನಡುವೆ ಹೆಂಡತಿಯ ಫೋನಾದರೂ ಬರುತ್ತದೆ. ಮೊಬೈಲಿನಲ್ಲಿ ಆಟ ಬೇಗ ಮುಗಿಯುತ್ತದೆ, ಮೇಜು ಎಂದೂ ಮುಚ್ಚುವುದಿಲ್ಲ. ಆಟ ಕೌಶಲದ್ದೋ ಅದೃಷ್ಟದ್ದೋ ಎಂದು ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಮೇಲಿನ ಲೆಕ್ಕದಲ್ಲಿ ಅಣ್ಣತಮ್ಮಂದಿರ ಕೌಶಲ ಎಷ್ಟೇ ಇರಲಿ, ಉತ್ತರ ಬದಲಾಗುವುದಿಲ್ಲ.

ಇನ್ನು ಪಂತವಿಲ್ಲದ ಆಟಗಳು. ಮೊಮ್ಮಕ್ಕಳು ಆಡುವುದು ಹೆಚ್ಚಾಗಿ ಇವನ್ನೇ. ದೂರದೂರದ ಅನೇಕರು ಒಟ್ಟಿಗೆ ಆಡುವ ಕಂಪ್ಯೂಟರ್ ಆಟಗಳು ಅಮೆರಿಕದಲ್ಲಿ 1980ರ ದಶಕದಲ್ಲಿ ಮನೆಗಳಿಗೆ ಬಂದಾಗ ಗಂಟೆಯ ಲೆಕ್ಕದಲ್ಲಿ ಹಣ ಕೊಡಬೇಕಿತ್ತು, ನಮ್ಮ ಹಳೆಯ ಟ್ರಂಕ್ ಕಾಲಿನ ಹಾಗೆ. 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್ ತಿಂಗಳಿಗೆ 9.95 ಡಾಲರ್, 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 14.99 ಡಾಲರ್ ಪಡೆಯುತ್ತಿದ್ದವು. ಒಂದು ತಿಂಗಳ ಬಾಡಿಗೆ ಕೊಟ್ಟರೆ ಬಡವನೂ ಸಿರಿವಂತನೂ ಒಂದೇ ಅಂಗಳದಲ್ಲಿ ಆಡುವ ಪದ್ಧತಿ. ನಂತರ ಮುಖ್ಯವಾಗಿ ಕೊರಿಯಾದ ಕಂಪನಿಗಳು ಬಾಗಿಲನ್ನು ಉಚಿತವಾಗಿ ತೆರೆದು ಒಳಗಡೆ ಅಂಗಿ, ಆಯುಧ, ಅಲಂಕಾರಗಳನ್ನು ಮಾರುವ ದಾರಿ ಹಿಡಿದವು. ಅಂಗಿ ಮಾರಲಿ, ನನ್ನ ತಕರಾರಿಲ್ಲ. ಬೆಲೆ ಎದುರಿಗಿರುತ್ತದೆ, ಬೇಕಾದವರು ಕೊಳ್ಳುತ್ತಾರೆ. ಆಯುಧ ಮಾರಿದರೆ ಅದು ಆಟವಾಗಿ ಉಳಿಯುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಮುಚ್ಚಿದ ಪೆಟ್ಟಿಗೆ. ಹಣ ಕೊಟ್ಟು ತೆರೆಯಬೇಕು, ಒಳಗೇನಿದೆಯೆಂಬುದು ತೆರೆದ ಮೇಲೆಯೇ ಗೊತ್ತು.

ನನ್ನ ಮೊಮ್ಮಗನು ಇದನ್ನು ‘ಕ್ರೇಟ್’ ಎನ್ನುತ್ತಾನೆ. ಅವನಿಗೆ ಬೇಕಾದ ಬಂದೂಕಿನ ಬಣ್ಣ ಸಿಗುವ ಸಾಧ್ಯತೆ ನೂರಕ್ಕೆ ಒಂದು ಎಂದಿತ್ತು. “ಹಾಗಾದರೆ ತಾತ, ನೂರು ತೆರೆದರೆ ಸಿಕ್ಕೇ ಸಿಗುತ್ತದೆ” ಎಂದ. ಇಲ್ಲ. ನೂರು ಮಕ್ಕಳು ತಲಾ ನೂರು ಪೆಟ್ಟಿಗೆ ತೆರೆದರೆ ಸುಮಾರು 37 ಮಕ್ಕಳಿಗೆ ಅದು ಒಮ್ಮೆಯೂ ಸಿಗುವುದಿಲ್ಲ. ಹತ್ತನೆಯ ತರಗತಿಯ ಸಂಭವನೀಯತೆಯ ಪಾಠ ಗೊತ್ತಿದ್ದವರು 0.99ನ್ನು ನೂರು ಬಾರಿ ಗುಣಿಸಿ ನೋಡಬಹುದು. ಪೆಟ್ಟಿಗೆಯ ವಿಚಾರದಲ್ಲಿ ಹೊರದೇಶಗಳು ನಮಗಿಂತ ಬೇಗ ಎಚ್ಚತ್ತವು. ಜಪಾನು 2012ರಲ್ಲಿ ಇಂಥ ಮಾರಾಟದ ಅತಿ ಕೆಟ್ಟ ಬಗೆಯೊಂದನ್ನು ತಡೆಯಿತು. ಚೀನಾ 2017ರಿಂದ ಸಾಧ್ಯತೆಯ ಅಂಕಿಗಳನ್ನು ಪ್ರಕಟಿಸಬೇಕೆಂದಿತು. ಬೆಲ್ಜಿಯಂ 2018ರಲ್ಲಿ ಅದನ್ನು ಜೂಜೆಂದೇ ಕರೆಯಿತು.

2025ರ ನಮ್ಮ ಕಾಯಿದೆ ಕೌಶಲವೋ ಅದೃಷ್ಟವೋ ಎಂಬ ಹಳೆಯ ಪ್ರಶ್ನೆಯನ್ನು ಬದಿಗಿಟ್ಟಿತು. ಹಣ ಗೆಲ್ಲುವ ನಿರೀಕ್ಷೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟ ಯಾವುದೇ ಇರಲಿ, ಅದನ್ನು ಒದಗಿಸುವವನಿಗೆ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಕೋಟಿಯವರೆಗೆ ದಂಡ, ಇಲ್ಲವೇ ಎರಡೂ. ಆದರೆ ವಿನೋದದ ಆಟಗಳಿಗೆ ಚಂದಾ ಅಥವಾ ಒಂದೇ ಬಾರಿಯ ಪ್ರವೇಶಧನ ಪಡೆಯಬಹುದು, ಅದು ಪಂತದ ಸ್ವರೂಪದ್ದಾಗಿರಬಾರದು. ಸ್ಪರ್ಧೆಗಳಿಗೆ ನೋಂದಣಿ ಶುಲ್ಕವೂ ಇರಬಹುದು. ಕೌಟಿಲ್ಯನ ಪಟ್ಟಿಯಿಂದ ನೀರು ಮತ್ತು ಜಾಗದ ಬಾಡಿಗೆಯನ್ನು ಉಳಿಸಿಕೊಂಡು ನೂರಕ್ಕೆ ಐದನ್ನು ಹೊಡೆದುಹಾಕಿದಂತೆ. ಮುಚ್ಚಿದ ಪೆಟ್ಟಿಗೆಯನ್ನು ಮಾತ್ರ ಅದು ಹೆಸರು ಹಿಡಿದು ಹೇಳಲಿಲ್ಲ. ಆ ಲೋಪ ನನಗೆ ಸಣ್ಣದೆಂದು ತೋರುವುದಿಲ್ಲ.

ಪೂರ್ತಿ ನಿಷೇಧವೋ, ಕಟ್ಟುಪಾಡಿನ ಅನುಮತಿಯೋ ಎಂಬ ಜಗಳವೂ ಹಳೆಯದೇ. ಮನು ಜೂಜನ್ನು ರಾಜ್ಯದಿಂದಲೇ ಅಟ್ಟಬೇಕೆಂದ; ಯಾಜ್ಞವಲ್ಕ್ಯನು ಒಂದೇ ಕಡೆ, ಮೇಲ್ವಿಚಾರಣೆಯಲ್ಲಿ ನಡೆಯಲಿ, ಕಳ್ಳರನ್ನು ಗುರುತಿಸಲು ಅನುಕೂಲ ಎಂದ. ಇವರಿಬ್ಬರ ನಡುವೆ ನಮ್ಮ ವಿಜ್ಞಾನೇಶ್ವರನು ರಾಜಿ ಮಾಡಿಸಿದ್ದು ಹೀಗೆ: ಮನುವಿನ ನಿಷೇಧವು ಮೋಸದ ದಾಳದ ಆಟಕ್ಕೆ, ರಾಜನ ಅಧ್ಯಕ್ಷನಾಗಲಿ ಸಭಿಕನಾಗಲಿ ಇಲ್ಲದ ಆಟಕ್ಕೆ ಅನ್ವಯಿಸುತ್ತದೆ. ಹೊಸ ಕಾಯಿದೆಯನ್ನು ಪ್ರಶ್ನಿಸಿದ ಅರ್ಜಿಯೊಂದು 2025ರ ಆಗಸ್ಟ್‌ನಲ್ಲೇ ಕರ್ನಾಟಕ ಹೈಕೋರ್ಟಿಗೆ ಬಂತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇಂಥ ಅರ್ಜಿಗಳನ್ನೆಲ್ಲ ತನ್ನ ಬಳಿಗೇ ವರ್ಗಾಯಿಸಿಕೊಂಡಿತು.

ಬಹುಜನರು ಆಡುವ ಆಟದ ಖರ್ಚನ್ನು ಹೊರುವ ಇನ್ನೊಂದು ಕ್ರಮವೂ ಉಂಟು. ಅದಕ್ಕೆ ನಾವು ಕೊರಿಯಾಕ್ಕೆ ಹೋಗಬೇಕಾಗಿಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಮೊದಲ ವರ್ಷ ಆಡಿದ್ದು 60 ಕುಟುಂಬಗಳು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬದ ಆತಿಥ್ಯದಲ್ಲಿ ನಡೆದಾಗ ಹೆಸರು ಕೊಟ್ಟವು 396. ಒಂದೊಂದು ವರ್ಷ ಒಂದೊಂದು ಒಕ್ಕವು ಆತಿಥ್ಯದ ಭಾರವನ್ನು ಹೊತ್ತು, ದಾನಿಗಳ ಮತ್ತು ಸರ್ಕಾರದ ನೆರವು ಪಡೆದು, ಮೈದಾನ ಸಿದ್ಧಪಡಿಸುತ್ತದೆ. ಒಂದು ಗೋಲು ಬಿದ್ದರೆ ಆತಿಥೇಯರಿಗೆ ಇಷ್ಟು ಎಂಬ ಲೆಕ್ಕ ಅಲ್ಲಿಲ್ಲ. ಇದನ್ನೇ ಕಂಪನಿಗಳೂ ಮಾಡಲಿ ಎಂದು ಹೇಳುವಷ್ಟು ಮುಗ್ಧನಲ್ಲ ನಾನು. ಅವರಿಗೆ ನೌಕರರಿದ್ದಾರೆ, ಬಾಡಿಗೆಯಿದೆ.

ನನ್ನ ವಿದ್ಯಾರ್ಥಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: “ನಿನ್ನ ಸಂಬಳ ಬರುತ್ತಿದ್ದುದು ಕುರ್ಚಿಯ ಬಾಡಿಗೆಯಿಂದಲೋ, ಪಂತದ ಪಾಲಿನಿಂದಲೋ?” ಅವನು ಲೆಕ್ಕ ಬಲ್ಲ ಹುಡುಗ, ಮಾತಾಡಲಿಲ್ಲ. ಮೊನ್ನೆ ಅವನ ಪತ್ರ ಬಂದಿದೆ. ಈಗ ಇಬ್ಬರು ಗೆಳೆಯರ ಜೊತೆ ಸೇರಿ ಚೌಕಾಬಾರದ ಆಟವೊಂದನ್ನು ಮೊಬೈಲಿಗೆ ಸಿದ್ಧಪಡಿಸುತ್ತಿದ್ದಾನಂತೆ. ಒಮ್ಮೆ 99 ರೂಪಾಯಿ ಕೊಟ್ಟರಾಯಿತು, ಒಳಗೆ ಮತ್ತೆ ಅಂಗಡಿಯಿಲ್ಲ. ಯಾರಾದರೂ ಅಷ್ಟು ಕೊಟ್ಟು ಕೊಂಡಾರೇ ಎಂಬ ಚಿಂತೆ ಅವನದು. ಬೆಂಗಳೂರಿನಲ್ಲಿರುವ ನಿಮ್ಮಲ್ಲಿ ಇಂಥ ವ್ಯಾಪಾರ ಬಲ್ಲವರಿದ್ದರೆ ನನಗೆ ತಿಳಿಸಿ, ಅವನಿಗೆ ತಲುಪಿಸುತ್ತೇನೆ.