ಚೌಕದ ಗೆರೆಗಳು: ಸಂಕುಚಿತ ಡಿಜಿಟಲ್ ವಿಡಿಯೊದಲ್ಲಿ ದೃಶ್ಯದೋಷ ನಿವಾರಣೆಯ ಇತಿಹಾಸ

ಬೆಂಗಳೂರಿನ ಹಳೆಯ ಪೇಟೆಯ ನಡುವೆ ಹಾದುಹೋಗುವ ಅವೆನ್ಯೂ ರಸ್ತೆ, ಅಂದರೆ ಹಿಂದಿನ ದೊಡ್ಡಪೇಟೆ, ಉತ್ತರದಲ್ಲಿ ಮೈಸೂರು ಬ್ಯಾಂಕ್ ವೃತ್ತವನ್ನು ಮುಟ್ಟುತ್ತದೆ. ಅಲ್ಲಿಂದ ಕಾಲ್ನಡಿಗೆಯ ದೂರದಲ್ಲಿ, ಕೆ.ಆರ್. ವೃತ್ತದ ಬಳಿ, 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಸ್ಥಾಪಿಸಿದ, ಇಂದು ಯುವಿಸಿಇ ಎಂದೇ ಪರಿಚಿತವಾಗಿರುವ ಇಂಜಿನಿಯರಿಂಗ್ ಕಾಲೇಜು ಇದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 1961ರಲ್ಲಿ ಈ ಕಾಲೇಜಿನಿಂದ ಪದವಿ ಪಡೆದು, ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮುಗಿಸಿದ ನಾಸಿರ್ ಅಹ್ಮದ್ ಅವರು, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಪ್ರಕಟಿಸಿದ ಕೆಲವೇ ಪುಟಗಳ ಪ್ರಬಂಧವೊಂದು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಸಂಕ್ಷೇಪವಾಗಿ ಡಿಸಿಟಿ, ಎಂಬ ಗಣಿತ ವಿಧಾನವನ್ನು ಜಗತ್ತಿನ ಮುಂದಿಟ್ಟಿತು. ಇದಕ್ಕೆ ಎರಡು ವರ್ಷ ಮೊದಲು ಇದೇ ವಿಷಯದ ಸಂಶೋಧನೆಗೆ ಅವರು ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್‌ನಲ್ಲಿ ಹಣ ಕೇಳಿದ್ದರು. ವಿಚಾರ ತೀರ ಸರಳವಾಯಿತೆಂದು ಪರಿಶೀಲಕರೊಬ್ಬರು ಅಭಿಪ್ರಾಯಪಟ್ಟರೆಂದೂ ಹಣ ಮಂಜೂರಾಗಲಿಲ್ಲವೆಂದೂ ಅಹ್ಮದ್ ಅವರೇ 1991ರಲ್ಲಿ ಬರೆದಿದ್ದಾರೆ. ಜೆಪೆಗ್ ಚಿತ್ರಗಳಿಂದ ಮೊಬೈಲಿನ ವಿಡಿಯೊವರೆಗೆ ಮುಂದಿನ ಸಂಕುಚನ ಕ್ರಮಗಳಲ್ಲಿ ಬಹುಪಾಲು ಈ ಸರಳ ವಿಚಾರದ ಮೇಲೆಯೇ ನಿಂತಿವೆ.

ಡಿಸಿಟಿಯನ್ನು ಬಳಸುವಾಗ ಚಿತ್ರವನ್ನು ಸಾಮಾನ್ಯವಾಗಿ ಅಡ್ಡ ಎಂಟು, ಉದ್ದ ಎಂಟು ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದ 64 ಬೆಲೆಗಳನ್ನು ನಿಧಾನವಾಗಿ ಬದಲಾಗುವ ಮತ್ತು ವೇಗವಾಗಿ ಬದಲಾಗುವ ಅಲೆಗಳ ಪ್ರಮಾಣಗಳನ್ನಾಗಿ ಪರಿವರ್ತಿಸಲಾಗುತ್ತದೆ. ಬಳಿಕ ಈ ಪ್ರಮಾಣಗಳನ್ನು ಒಂದು ಸಂಖ್ಯೆಯಿಂದ ಭಾಗಿಸಿ ಪೂರ್ಣಾಂಕಕ್ಕೆ ಇಳಿಸುವ ಕ್ವಾಂಟೈಸೇಷನ್ ಎಂಬ ಹಂತದಲ್ಲಿ ವೇಗದ ಅಲೆಗಳಲ್ಲಿ ಹೆಚ್ಚಿನವು ಸೊನ್ನೆಯಾಗುತ್ತವೆ. ಉಳಿತಾಯವೂ ನಷ್ಟವೂ ಆಗುವುದು ಇಲ್ಲಿಯೇ. ಪ್ರತಿ ಚೌಕವೂ ನೆರೆಯ ಚೌಕದ ಪರಿವೆಯಿಲ್ಲದೆ ತನ್ನಷ್ಟಕ್ಕೆ ಇಳಿಕೆಗೊಳ್ಳುವುದರಿಂದ, ಬಹುತೇಕ ಒಂದೇ ಬಣ್ಣದ ಆಕಾಶದಲ್ಲಿಯೂ ಪಕ್ಕಪಕ್ಕದ ಚೌಕಗಳ ಹೊಳಪು ತುಸು ಬೇರೆಯಾಗಿ, ನಡುವೆ ಗೆರೆಯೊಂದು ಕಾಣಿಸಿಕೊಳ್ಳುತ್ತದೆ, ಇದು ಬ್ಲಾಕಿಂಗ್. ಗಾಢ ಅಂಚುಗಳ ಸುತ್ತ ವೇಗದ ಅಲೆಗಳು ಕಳೆದುಹೋದುದರಿಂದ ಏಳುವ ಮಸುಕು ಪಟ್ಟಿಗಳು ರಿಂಗಿಂಗ್. ಅವೇ ಪಟ್ಟಿಗಳು ಚಲಿಸುವ ಚಿತ್ರದಲ್ಲಿ ಮಿಣುಕತೊಡಗಿದರೆ ಅದು ಮಸ್ಕಿಟೊ ನಾಯ್ಸ್. ಕನ್ನಡ ಲಿಪಿಯ ದುಂಡು ತಿರುವುಗಳೂ ಒತ್ತಕ್ಷರಗಳೂ ತುಂಬಿದ ಶೀರ್ಷಿಕೆಗಳಲ್ಲಿ ರಿಂಗಿಂಗ್ ದೋಷ ವಿಶೇಷವಾಗಿ ಎದ್ದು ಕಾಣುತ್ತದೆ.

ಈ ದೋಷಗಳಿಗೆ ಡಿಸಿಟಿಯೇ ಕಾರಣವೆಂಬ ಮಾತು ಆಗಾಗ ಕೇಳಿಬಂದರೂ ಅದು ಅರ್ಧಸತ್ಯ ಮಾತ್ರ. ಅದಕ್ಕಿಂತ ಹಳೆಯ ಫೋರಿಯರ್ ಪರಿವರ್ತನೆಯು ಚೌಕದ ಬಲತುದಿ ಮುಗಿದೊಡನೆ ಅದರ ಎಡತುದಿಯೇ ಮತ್ತೆ ಆರಂಭವಾಗುತ್ತದೆಂದು ಭಾವಿಸುವುದರಿಂದ, ಎರಡೂ ತುದಿಗಳ ಬೆಲೆಗಳು ಹೊಂದದಿದ್ದಲ್ಲಿ ಕೃತಕವಾದ ಜಿಗಿತ ಉಂಟಾಗುತ್ತದೆ; ಡಿಸಿಟಿಯು ಚೌಕವನ್ನು ಅದರ ಅಂಚಿನಲ್ಲಿ ಕನ್ನಡಿಯಲ್ಲಿ ಕಂಡಂತೆ ಮಡಚಿಕೊಳ್ಳುವುದರಿಂದ ಅಂಥ ಜಿಗಿತಕ್ಕೆ ಎಡೆಯೇ ಇಲ್ಲ. ಅಹ್ಮದ್ ಮತ್ತು ಸಂಗಡಿಗರ ಗುರಿ ಸಂಕುಚನದ ದಕ್ಷತೆಯಾಗಿತ್ತೇ ಹೊರತು ಗೆರೆಗಳ ನಿವಾರಣೆಯಲ್ಲ. ಆದರೂ ಚೌಕದ ಅಂಚಿನ ದೋಷಕ್ಕೆ ದೊರೆತ ಮೊದಲ ಮದ್ದು ಡಿಸಿಟಿಯ ರಚನೆಯಲ್ಲಿಯೇ ಅಡಗಿತ್ತೆಂದು ಹೇಳುವುದು ನ್ಯಾಯ.

ಉಳಿದ ದೋಷದ ನಿವಾರಣೆ ಎರಡು ದಾರಿಗಳಲ್ಲಿ ಸಾಗಿತು. ರೀವ್ ಮತ್ತು ಲಿಮ್ 1984ರ ಪ್ರಬಂಧದಲ್ಲಿ ಚೌಕಗಳನ್ನು ತುಸು ಒಂದರ ಮೇಲೊಂದು ಬರುವಂತೆ ಕತ್ತರಿಸುವುದು, ಬಿಡಿಸಿದ ಚಿತ್ರದ ಅಂಚುಗಳನ್ನು ಫಿಲ್ಟರಿನಿಂದ ನಯಗೊಳಿಸುವುದು ಎಂಬ ಎರಡು ಉಪಾಯಗಳನ್ನು ಹೋಲಿಸಿ, ದತ್ತಾಂಶದ ಗಾತ್ರವನ್ನು ಹೆಚ್ಚಿಸದ ಎರಡನೆಯದನ್ನೇ ಮೇಲೆಂದು ಕಂಡರು. ಮಾಲ್ವರ್ ಮತ್ತು ಸ್ಟೇಲಿನ್ 1989ರಲ್ಲಿ ಮೊದಲ ಉಪಾಯಕ್ಕೆ ಗಣಿತದ ಹೊಸ ರೂಪ ಕೊಟ್ಟರೂ ವಿಡಿಯೊ ಮಾನಕಗಳಲ್ಲಿ ಹೆಚ್ಚಿನವು ಆ ದಾರಿ ಹಿಡಿಯಲಿಲ್ಲ. 1990ರ ಎಚ್.261 ಮಾನಕದಲ್ಲಿ ಫಿಲ್ಟರ್ ಒಂದಿತ್ತು. ಆದರೆ ಅದು ಚೌಕದ ಒಳಗಷ್ಟೇ ಕೆಲಸ ಮಾಡಿ, ಗೆರೆ ಮೂಡುವ ಅಂಚನ್ನೇ ದಾಟುತ್ತಿರಲಿಲ್ಲ.

ಕನ್ನಡ ಪ್ರೇಕ್ಷಕರು ಈ ಗೆರೆಗಳನ್ನು ವ್ಯಾಪಕವಾಗಿ ಕಂಡದ್ದು ವಿಸಿಡಿ ಕಾಲದಲ್ಲಿ. 1993ರ ಈ ಮಾನಕದ ಪ್ರಕಾರ ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಕ್ರಮದ ಚಿತ್ರದ ಅಳತೆ 352×288, ವೇಗ ಸೆಕೆಂಡಿಗೆ 25 ಚಿತ್ರ. ಬಣ್ಣದ ವಿವರವನ್ನು ಮೊದಲೇ ಕಡಿತಗೊಳಿಸಿದ ಮೇಲೂ ಇದು ಸೆಕೆಂಡಿಗೆ ಸುಮಾರು 30.4 ಮೆಗಾಬಿಟ್ ಆಗುತ್ತದೆ. ಎಂಪೆಗ್-1 ಅದನ್ನು ಸುಮಾರು 1.15 ಮೆಗಾಬಿಟ್‌ಗೆ, ಅಂದರೆ 26ನೆಯ ಒಂದು ಭಾಗಕ್ಕೆ, ಇಳಿಸುತ್ತಿತ್ತು. ಒಂದು ಡಿಸ್ಕಿನಲ್ಲಿ ಹಿಡಿಸುತ್ತಿದ್ದುದು ಒಂದು ಗಂಟೆಗಿಂತ ತುಸು ಹೆಚ್ಚು ಚಿತ್ರವಾದುದರಿಂದ ಒಂದು ಸಿನಿಮಾಕ್ಕೆ ಎರಡು ಅಥವಾ ಮೂರು ಡಿಸ್ಕ್ ಬೇಕಾಗುತ್ತಿತ್ತು. ಹಾಡು ಕುಣಿತಗಳ ದೃಶ್ಯಗಳಲ್ಲಿ ಚಲನೆ ಹೆಚ್ಚಿದಷ್ಟೂ ಕ್ವಾಂಟೈಸೇಷನ್ ಒರಟಾಗಿ ಚಿತ್ರವೆಲ್ಲ ಚೌಕ ಚೌಕವಾಗುತ್ತಿತ್ತು. ಡಿಸ್ಕಿನ ಮೇಲಿನ ಗೀರಿನಿಂದ ದತ್ತಾಂಶವೇ ಕಳೆದು ಚಿತ್ರ ಒಡೆಯುವುದು ಇದಕ್ಕಿಂತ ಬೇರೆಯೇ ಆದ ಕಾಯಿಲೆ. ನೋಡುವ ಕಣ್ಣಿಗೆ ಎರಡೂ ಒಂದೇ ಎನಿಸಿದರೂ ಮುಂದೆ ವಿವರಿಸುವ ಫಿಲ್ಟರುಗಳು ಗೀರಿನ ಹಾನಿಯನ್ನು ಗುಣಪಡಿಸಲಾರವು. ಎಂಪೆಗ್-1ರಲ್ಲಾಗಲಿ, ಡಿವಿಡಿ ಮತ್ತು 2004ರ ಡಿಡಿ ಡೈರೆಕ್ಟ್ ಪ್ಲಸ್ ಪ್ರಸಾರ ಬಳಸಿದ ಎಂಪೆಗ್-2ರಲ್ಲಾಗಲಿ ಅಂಚು ನಯಗೊಳಿಸುವ ಕಡ್ಡಾಯ ವ್ಯವಸ್ಥೆ ಇರಲಿಲ್ಲ. ಆ ಕೆಲಸ ಪ್ಲೇಯರ್ ತಯಾರಕರ ಇಚ್ಛೆಗೆ ಬಿಟ್ಟದ್ದಾಗಿತ್ತು.

ದೊಡ್ಡ ಬದಲಾವಣೆ ತಂದದ್ದು 2003ರ ಎಚ್.264. ವಿಡಿಯೊದಲ್ಲಿ ಬಹುಪಾಲು ಚಿತ್ರಗಳನ್ನು ಬೇರೆ ಚಿತ್ರಗಳ ಆಧಾರದಿಂದ ಊಹಿಸಿ ವ್ಯತ್ಯಾಸವನ್ನಷ್ಟೇ ಕಳಿಸುವುದರಿಂದ, ಒಂದು ಚಿತ್ರದ ಗೆರೆ ಮುಂದಿನ ಚಿತ್ರಕ್ಕೂ ಹರಿದು, ಚಲನೆಯೊಂದಿಗೆ ಚೌಕದ ನಡುಭಾಗಕ್ಕೆ ಬಂದು ಕೂರುತ್ತದೆ. ಆಮೇಲೆ ಅಂಚುಗಳನ್ನಷ್ಟೇ ಒರೆಸುವ ಫಿಲ್ಟರಿಗೆ ಅದು ಸಿಗುವುದಿಲ್ಲ. ಎಚ್.264 ಫಿಲ್ಟರನ್ನು ಈ ಊಹೆಯ ಸುತ್ತಿನ ಒಳಗೇ ಇರಿಸಿ, ಸಂಕುಚಿಸುವ ಎನ್‌ಕೋಡರೂ ಬಿಡಿಸುವ ಡಿಕೋಡರೂ ಒಂದೇ ಲೆಕ್ಕವನ್ನು ಕರಾರುವಾಕ್ಕಾಗಿ ಮಾಡಬೇಕೆಂದು ವಿಧಿಸಿತು. ಪ್ರತಿ ಅಂಚಿಗೂ 0ಯಿಂದ 4ರವರೆಗೆ ಒಂದು ತೀವ್ರತೆಯನ್ನು ನಿಗದಿಪಡಿಸಿ, ಅಂಚಿನ ಎರಡು ಬದಿಯ ವ್ಯತ್ಯಾಸವು ಕ್ವಾಂಟೈಸೇಷನ್ನಿನಿಂದ ಹುಟ್ಟಬಹುದಾದಷ್ಟೇ ಇದ್ದರೆ ನಯಗೊಳಿಸುವುದು, ಅದಕ್ಕಿಂತ ಹೆಚ್ಚಿದ್ದರೆ ಅದು ಗೋಡೆಯದೋ ಮುಖದ್ದೋ ನಿಜವಾದ ಅಂಚೆಂದು ತಿಳಿದು ಮುಟ್ಟದೆ ಬಿಡುವುದು ಇದರ ವಿವೇಕ. ನೋಟಕ್ಕೆ ಚಿಕ್ಕದಾದ ಈ ನಿರ್ಣಯವೇ ಇಡೀ ಇತಿಹಾಸದ ತಿರುವೆಂದು ಪರಿಗಣಿಸಬಹುದು, ಏಕೆಂದರೆ ಅಲ್ಲಿಯವರೆಗೆ ಬಹುಮಟ್ಟಿಗೆ ಚಿತ್ರ ಕೆಟ್ಟ ಮೇಲೆ ಮಾಡುವ ಉಪಚಾರವಾಗಿದ್ದದ್ದು ಅಂದಿನಿಂದ ಸಂಕುಚನದ ಅಂಗವೇ ಆಯಿತು.

ಇದರ ಬೆಲೆ ಲೆಕ್ಕಾಚಾರದ ಹೊರೆ. ಡಿಕೋಡರಿನ ಶ್ರಮದಲ್ಲಿ ಗಣನೀಯ ಪಾಲು ಈ ಫಿಲ್ಟರಿಗೇ ಹೋಗುವುದರಿಂದ ಬ್ಯಾಟರಿಯಲ್ಲಿ ನಡೆಯುವ ಫೋನುಗಳಲ್ಲಿ ಅದನ್ನು ಬಿಗಿಯಾಗಿ ಬರೆಯಬೇಕಾಗುತ್ತದೆ. ಆಂಡ್ರಾಯ್ಡ್‌ನ ಮುಕ್ತ ತಂತ್ರಾಂಶದಲ್ಲಿರುವ ಎಚ್.264 ಮತ್ತು ಅದರ ನಂತರದ ಮಾನಕವಾದ ಎಚ್‌ಇವಿಸಿ ಡಿಕೋಡರುಗಳನ್ನು ಮೂಲತಃ ಬರೆದುಕೊಟ್ಟದ್ದು 2001ರಲ್ಲಿ ಆರಂಭವಾದ ಬೆಂಗಳೂರಿನ ಇಟ್ಟಿಯಮ್ ಸಿಸ್ಟಮ್ಸ್. ಅವುಗಳಲ್ಲಿ ಅಂಚು ನಯಗೊಳಿಸುವ ಭಾಗವನ್ನು ಫೋನುಗಳ ಎಆರ್‌ಎಮ್ ಪ್ರೊಸೆಸರಿಗಾಗಿ ಅಸೆಂಬ್ಲಿ ಭಾಷೆಯಲ್ಲಿಯೂ ಬರೆಯಲಾಗಿದೆ. 2013ರ ಎಚ್‌ಇವಿಸಿ ಮಾನಕವು 8×8 ಜಾಲದ ಮೇಲಷ್ಟೇ ಅಂಚುಗಳನ್ನು ಫಿಲ್ಟರ್ ಮಾಡಿ ಹೊರೆ ಇಳಿಸಿತು. ರಿಂಗಿಂಗ್ ತಗ್ಗಿಸಲು ಸ್ಯಾಂಪಲ್ ಅಡಾಪ್ಟಿವ್ ಆಫ್‌ಸೆಟ್ ಎಂಬ ಎರಡನೆಯ ಹಂತವನ್ನು ಸೇರಿಸಿತು. 2018ರ ಎವಿ1 ಮತ್ತು 2020ರ ವಿವಿಸಿ ಇದೇ ದಾರಿಯಲ್ಲಿ ಇನ್ನಷ್ಟು ಫಿಲ್ಟರುಗಳನ್ನು ಪೇರಿಸಿವೆ.

ಹಳೆಯ ವಿಸಿಡಿಗಳಿಗೆ ಮಾತ್ರ ಇವಾವುವೂ ಒದಗುವುದಿಲ್ಲ. ಅವುಗಳಿಗೆ ಬಿಡಿಸಿದ ಮೇಲಿನ ಉಪಚಾರವೊಂದೇ ಗತಿ. 2015ರಲ್ಲಿ ಡಾಂಗ್ ಮತ್ತು ಸಂಗಡಿಗರು ಕಂಪ್ಯೂಟರಿನ ಕೃತಕ ನರಜಾಲಕ್ಕೆ ಕೆಟ್ಟ ಚಿತ್ರ ಮತ್ತು ಮೂಲ ಚಿತ್ರಗಳ ಜೋಡಿಗಳನ್ನು ತೋರಿಸಿ ದೋಷ ತೆಗೆಯಲು ಕಲಿಸಿದ ಮೇಲೆ ಈ ಉಪಚಾರಕ್ಕೆ ಹೊಸ ಬಲ ಬಂದಿದೆ. ಆದರೆ ಕ್ವಾಂಟೈಸೇಷನ್ನಿನಲ್ಲಿ ಸೊನ್ನೆಯಾದ ಅಲೆಗಳು ಕಡತದಲ್ಲಿ ಎಲ್ಲಿಯೂ ಉಳಿದಿರುವುದಿಲ್ಲವಾದುದರಿಂದ, ನರಜಾಲ ತುಂಬಿಕೊಡುವ ಸೀರೆಯ ಅಂಚಿನ ನೇಯ್ಗೆಯಾಗಲಿ ದೂರದ ಫಲಕದ ಅಕ್ಷರವಾಗಲಿ ಮರಳಿ ದೊರೆತದ್ದಲ್ಲ, ಬೇರೆ ಚಿತ್ರಗಳಿಂದ ಕಲಿತು ಊಹಿಸಿದ್ದು. ಹೀಗಾಗಿ ಹಳೆಯ ಚಿತ್ರಗಳನ್ನು ಕಾಪಿಡುವವರು ಶುದ್ಧಗೊಳಿಸಿದ ಪ್ರತಿಯ ಜೊತೆಗೆ ಚೌಕಗಳುಳ್ಳ ಮೂಲ ಕಡತವನ್ನೂ ಇದ್ದಂತೆಯೇ ಇಟ್ಟುಕೊಳ್ಳುವುದು ಅಗತ್ಯ.