ಹಳೇ ಪಿಕಪ್ಪು, ಹೊಸ ಬ್ರೇಕು

ನಮ್ಮ ಶೆಡ್ಡಿನಲ್ಲಿ ಕಾರು ನಿಲ್ಲಿಸೋಕೆ ಜಾಗ ಇಲ್ಲದೆ ಮೂರು ವರ್ಷ ಆಯ್ತು. ಅಲ್ಲಿ ಈಗ 1951ರ ಒಂದು ಶೆವರ್ಲೆ 3100 ಪಿಕಪ್ ಠಿಕಾಣಿ ಹೂಡಿದೆ. ಇಲ್ಲಿ ಒಹಾಯೋದಲ್ಲಿ ಚಳಿಗಾಲ ಬಂತೆಂದರೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ಈ ಗಾಡಿ ಕುಡಿದದ್ದೆಲ್ಲ ತುಕ್ಕಾಗಿತ್ತು. ಕ್ಯಾಬಿನ್ನಿನ ಮೂಲೆಗಳು ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು.

ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. "ಅಷ್ಟು ದೂರ ಹೋಗಿ ಗ್ಯಾರೇಜ್ ಕೆಲಸ ಶುರು ಮಾಡಿದ್ಯೇನೋ?" ಅಂದರು. ಬೈದದ್ದೋ ಖುಷಿಪಟ್ಟದ್ದೋ ಗೊತ್ತಾಗಲಿಲ್ಲ :)

ಹಳೇ ಗಾಡಿ ಇಟ್ಟುಕೊಂಡವರಲ್ಲಿ ಎರಡು ಪಂಗಡ. ಕಂಪನಿಯಿಂದ ಹೊರಬಂದಾಗ ಹೇಗಿತ್ತೋ ಒಂದೊಂದು ಸ್ಕ್ರೂ ಕೂಡ ಹಾಗೇ ಇರಬೇಕು ಅನ್ನೋರು ಒಂದು ಕಡೆ. ಮೇಲಿನ ಚರ್ಮ ಮಾತ್ರ ಹಳೇದಿರಲಿ, ಒಳಗೆಲ್ಲ ಹೊಸದು ತುಂಬೋಣ ಅನ್ನೋರು ಇನ್ನೊಂದು ಕಡೆ. ನಾನು ಮೊದಲನೇ ಪಂಗಡದವನು. ಚರಿತ್ರೆ ಅಂದರೆ ಚರಿತ್ರೆ, ಅದಕ್ಕೆ ಕೈ ಹಚ್ಚಬಾರದು ಅನ್ನೋ ಮಡಿವಂತ. ಹೋದ ವರ್ಷದ ಅಕ್ಟೋಬರ್‌ವರೆಗೆ.

ಅವತ್ತು ಒಂಬತ್ತು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಿದ್ದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಸೀದಾ ತಳ ಮುಟ್ಟಿತು. ಇನ್ನೊಂದು ಸಲ ಒತ್ತಿದೆ, ಏನೂ ಇಲ್ಲ. ಗೇರ್ ಇಳಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಕೊನೆಗೆ ಜೋಳದ ಹೊಲದ ಅಂಚಿಗೆ ಗಾಡಿ ನುಗ್ಗಿಸಿ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಮಗಳು "ಅಪ್ಪಾ, ಇನ್ನೊಂದ್ಸಲ!" ಅಂದಳು. ನನ್ನ ಕಾಲು ಅರ್ಧ ಗಂಟೆ ನಡುಗುತ್ತಿತ್ತು. ಹಿಂದಿನ ಗಾಲಿಯ ವೀಲ್ ಸಿಲಿಂಡರ್ ಸೋರುತ್ತಿದ್ದದ್ದು ನನಗೆ ಗೊತ್ತಿತ್ತು. ಮುಂದಿನ ವಾರ ನೋಡೋಣ ಅಂತ ಬಿಟ್ಟಿದ್ದೆ. ತಪ್ಪು ಪೂರ್ತಿ ನನ್ನದೇ.

ಆದರೆ ಒಂದು ಗಾಲಿಯಲ್ಲಿ ಸೋರಿದರೆ ನಾಲ್ಕೂ ಗಾಲಿಯ ಬ್ರೇಕ್ ಯಾಕೆ ಹೋಗಬೇಕು? ಈ ಪ್ರಶ್ನೆ ಹಿಡಿದು ಓದುತ್ತಾ ಹೋದರೆ ಪಿಕಪ್ಪಿನ ಇಡೀ ಚರಿತ್ರೆಯೇ ಬಿಚ್ಚಿಕೊಂಡಿತು. ನನ್ನ 'ಒರಿಜಿನಲ್' ಮಡಿಯೂ ಜೊತೆಗೇ ಬಿಚ್ಚಿಹೋಯಿತು.

ಫೋರ್ಡ್ ಕಂಪನಿ 1908ರಲ್ಲಿ ಮಾಡೆಲ್ ಟಿ ಕಾರು ತಂದಾಗ ಪಿಕಪ್ ಅನ್ನೋ ವಸ್ತು ಅವರ ಪಟ್ಟಿಯಲ್ಲೇ ಇರಲಿಲ್ಲ. ರೈತರು ಕಾರು ಕೊಂಡರು, ಹಿಂದಿನ ಭಾಗ ಬಿಚ್ಚಿದರು, ಮರದ ಪೆಟ್ಟಿಗೆ ಕೂರಿಸಿದರು, ಆಲೂಗಡ್ಡೆ, ಹಾಲಿನ ಕ್ಯಾನು, ಹಂದಿಮರಿ ಎಲ್ಲ ತುಂಬಿದರು. ಅಷ್ಟಕ್ಕೇ ಬಿಡಲಿಲ್ಲ. ಹಿಂದಿನ ಗಾಲಿ ಎತ್ತಿ ನಿಲ್ಲಿಸಿ, ಅದಕ್ಕೆ ಬೆಲ್ಟ್ ಹಾಕಿ, ಕಟ್ಟಿಗೆ ಕೊಯ್ಯುವ ಗರಗಸ, ನೀರಿನ ಪಂಪು ಓಡಿಸಿದರು. ಇಪ್ಪತ್ತು ಅಶ್ವಶಕ್ತಿಯ ಆ ಎಂಜಿನ್ ಹೊಲ, ಮನೆ, ಸಂತೆ ಮೂರಕ್ಕೂ ದುಡಿಯಿತು. ಕಾರನ್ನು ಲಾರಿ ಮಾಡಿಕೊಳ್ಳುವ ಕಿಟ್‌ಗಳೂ ಪೇಟೆಗೆ ಬಂದವು.

1918ರಲ್ಲಿ ಶೆವರ್ಲೆ ಲಾರಿ ವ್ಯಾಪಾರಕ್ಕೆ ಇಳಿದಾಗಲೂ ಕೊಡುತ್ತಿದ್ದದ್ದು ಚಾಸಿ ಮತ್ತು ಎಂಜಿನ್. ಮರದ ಕ್ಯಾಬಿನ್ನು, ಹಿಂದಿನ ಬಾಡಿ ಎಲ್ಲ ಕೊಂಡವನ ಹೊಣೆ. ಫೋರ್ಡ್ ತಾನೇ ಉಕ್ಕಿನ ಪೆಟ್ಟಿಗೆ ಕೂರಿಸಿ 'ಪಿಕಪ್ ಬಾಡಿ' ಅಂತ ಮಾರಿದ್ದು 1925ರಲ್ಲಿ, ಬೆಲೆ 281 ಡಾಲರ್. ಅಂದರೆ ರೈತರು ಶೆಡ್ಡಿನಲ್ಲಿ ವರ್ಷಗಟ್ಟಲೆ ಮಾಡಿಕೊಂಡು ಬಂದದ್ದನ್ನೇ ಕಂಪನಿ ನೋಡಿ ಕಲಿತು ಅವರಿಗೇ ಮಾರಿತು!

ಹಾಗಾದರೆ ಒರಿಜಿನಲ್ ಯಾವುದು? ಮನೆಯಲ್ಲಿ ಬಿಚ್ಚಿ ಬದಲಾಯಿಸಿದ್ದೇ ಪಿಕಪ್ಪಿನ ಹುಟ್ಟು.

ಆಮೇಲೆ ಯುದ್ಧ ಬಂತು. ಜನವರಿ 1942ರಲ್ಲಿ ಅಮೆರಿಕದಲ್ಲಿ ಟೈರಿಗೆ ರೇಷನ್ ಬಂತು. ಫೆಬ್ರವರಿಯಲ್ಲಿ ಜನಸಾಮಾನ್ಯರಿಗೆ ಕಾರು ತಯಾರಿಸುವುದೇ ನಿಂತಿತು. ಇದ್ದ ಗಾಡಿಗಳನ್ನೇ ತೇಪೆ ಹಾಕಿ ಓಡಿಸಬೇಕಾಯಿತು. ಅಷ್ಟು ವರ್ಷ ಹೊಸ ಗಾಡಿಗೆ ಕಾದ ಜನರಿಗಾಗಿ ಶೆವರ್ಲೆ 1947ರಲ್ಲಿ ತಂದ ಹೊಸ ಪಿಕಪ್ ಸರಣಿಯದ್ದೇ ನನ್ನ ಗಾಡಿ.

ಈಗ ಬ್ರೇಕಿನ ವಿಷಯ. ನನ್ನ ಗಾಡಿಯಲ್ಲಿ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲಡಿ, ನೆಲದ ಕೆಳಗಿದೆ. ಅದರಲ್ಲಿ ಇರುವುದು ಒಂದೇ ಕೋಣೆ. ನಾಲ್ಕೂ ಗಾಲಿಗೆ ಬ್ರೇಕ್ ಆಯಿಲ್ ಹೋಗುವುದು ಅಲ್ಲಿಂದಲೇ. ಎಲ್ಲಿ ತೂತಾದರೂ ಒತ್ತಡವೆಲ್ಲ ಅಲ್ಲೇ ಸೋರಿಹೋಗುತ್ತದೆ. ಮುಂದಿನ ಗಾಲಿಗಳಿಗೆ ಒಂದು, ಹಿಂದಿನವಕ್ಕೆ ಒಂದು ಅಂತ ಎರಡು ಕೋಣೆಯ ಸಿಲಿಂಡರ್ ಶೆವರ್ಲೆ ಪಿಕಪ್ಪಿಗೆ ಬಂದದ್ದು 1967ರ ಮಾಡೆಲ್ಲಿನಲ್ಲಿ. ಅಮೆರಿಕದ ಕಾರುಗಳಿಗೆ 1968ರಿಂದ ಅದು ಕಡ್ಡಾಯವೇ ಆಯಿತು. ಒಂದು ಕಡೆ ಹೋದರೂ ಇನ್ನೊಂದು ಕಡೆ ಹಿಡಿಯುತ್ತದೆ. ಎಷ್ಟು ಸಣ್ಣ ಉಪಾಯ! ಆದರೆ ನನ್ನ ಗಾಡಿ ಹುಟ್ಟಿ ಹದಿನಾರು ವರ್ಷ ಆದಮೇಲೆ ಬಂತು.

ನನ್ನ ಮಡಿವಂತಿಕೆ ಹೇಳಿ ಮತ್ತೊಮ್ಮೆ ಊರಿಗೆ ಫೋನ್ ಮಾಡಿದೆ. ಸಕಲೇಶಪುರದ ಕಡೆ ನಮ್ಮ ಮನೆಯಲ್ಲೂ ಒಂದು ಹಳೇ ಮಹೀಂದ್ರ ಜೀಪಿತ್ತು. ಅದೂ ಅಮೆರಿಕದ ವಿಲ್ಲಿಸ್ ವಿನ್ಯಾಸದ್ದೇ. ಪೆಟ್ರೋಲ್ ಕುಡಿದು ಸಾಕು ಮಾಡಿದ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸುವುದು ಮಲೆನಾಡಿನ ಮೆಕ್ಯಾನಿಕ್‌ಗಳಿಗೆ ನೀರು ಕುಡಿದಷ್ಟು ಸಲೀಸು. ನಮ್ಮದಕ್ಕೂ ಹಾಗೇ ಮಾಡಿಸಿದ್ದರು. ಅಪ್ಪ ಎಲ್ಲ ಕೇಳಿ ಒಂದೇ ಮಾತು ಹೇಳಿದರು: "ನಿಲ್ಲೋಕೆ ಬರದ ಗಾಡಿ ಹೋಗೋಕೂ ಬರಲ್ಲ ಕಣೋ."

ಮಾರನೇ ದಿನವೇ ಜಾಕಿ ಏರಿಸಿದೆ. ಚಾಸಿಗೆ ಬ್ರಾಕೆಟ್ ಕೂರಿಸಿ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್, ಹೊಸ ವೀಲ್ ಸಿಲಿಂಡರ್, ಹೊಸ ಪೈಪು, ಹೊಸ ಹೋಸು. ಒಂದು ಎಚ್ಚರಿಕೆ: ಹಳೇ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುತ್ತದೆ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಒದ್ದೆ ಮಾಡಿ ಒರೆಸಿ. ಕೊನೆಗೆ ಪೈಪಿನಲ್ಲಿರುವ ಗಾಳಿ ತೆಗೆಯಲು ಇಬ್ಬರು ಬೇಕು. ನಾನು ಗಾಡಿಯಡಿ, ಹೆಂಡತಿ ಪೆಡಲ್ ಮೇಲೆ. "ಒತ್ತು... ಹಿಡ್ಕೋ... ಬಿಡು." ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ನಾನು ಹೇಳಿದ ಹಾಗೆ ಕೇಳಿದ್ದು ಅವತ್ತೊಂದೇ ದಿನ ಅಂತ ಅವಳೇ ಹೇಳಿದಳು.

ಅಲ್ಲಿಂದ ಮುಂದೆ ನನಗೊಂದು ನಿಯಮ ಸಿಕ್ಕಿತು. ಪ್ರಾಣಕ್ಕೆ ಸಂಬಂಧಿಸಿದ್ದು ಇಂದಿನದಿರಲಿ, ಉಳಿದದ್ದು ಅಂದಿನದೇ ಇರಲಿ. ಸೀಟಿಗೆ ಬೆಲ್ಟ್ ಹಾಕಿದೆ. 6 ವೋಲ್ಟಿನ ವೈರಿಂಗ್ ಹಾಗೇ ಬಿಟ್ಟೆ. ಅಷ್ಟೇ ಶಕ್ತಿಗೆ 12 ವೋಲ್ಟಿನಲ್ಲಿ ಹರಿಯುವುದರ ಎರಡರಷ್ಟು ಕರೆಂಟು ಇದರಲ್ಲಿ ಹರಿಯಬೇಕು. ಹಾಗಾಗಿ ದಪ್ಪ ಕೇಬಲ್ ಹಾಕಿ, ಅರ್ತ್ ಆಗುವ ಜಾಗದ ತುಕ್ಕು ಉಜ್ಜಿ ತೆಗೆದರೆ ಸೆಲ್ಫ್ ಚೆನ್ನಾಗಿಯೇ ತಿರುಗುತ್ತದೆ. 216 ಘನ ಇಂಚಿನ ಆರು ಸಿಲಿಂಡರಿನ ಎಂಜಿನ್ನನ್ನೂ ಬದಲಾಯಿಸಲಿಲ್ಲ. ಅದರ ಕನೆಕ್ಟಿಂಗ್ ರಾಡುಗಳಿಗೆ ಎಣ್ಣೆ ಸಿಗುವುದು ಚಿಮ್ಮಿ ಎರಚುವುದರಿಂದ. 1954ರ ಲಾರಿಗಳಲ್ಲಿ ಒತ್ತಡದಿಂದ ಎಣ್ಣೆ ಹರಿಸುವ ಎಂಜಿನ್ ಬಂತು. ನನ್ನದು ನಿಧಾನಕ್ಕೆ ಹೋಗಲಿ ಬಿಡಿ, ಆತುರ ಯಾರಿಗಿದೆ?

ಒಂದು ಕೆಲಸ ಬಾಕಿ ಇದೆ. ಈ ಸರಣಿಯಲ್ಲಿ 1949ರಿಂದ ಪೆಟ್ರೋಲ್ ಟ್ಯಾಂಕನ್ನು ಕ್ಯಾಬಿನ್ನಿನೊಳಗೆ, ಸೀಟಿನ ಬೆನ್ನಿಗೇ ಇಟ್ಟಿದ್ದರು. ಮಗಳು ಅಷ್ಟು ದಿನ ಬೆನ್ನು ಒರಗಿಸಿ ಕೂತಿದ್ದದ್ದು ಅದಕ್ಕೇ. ಅದನ್ನು ಹಿಂದಿನ ಬಾಡಿಯ ಕೆಳಗೆ ಸಾಗಿಸುವವರೆಗೂ ಅವಳು ಹತ್ತುವ ಹಾಗಿಲ್ಲ ಅಂದಿದ್ದೇನೆ. ದಿನಾ ಶೆಡ್ಡಿಗೆ ಬಂದು "ಆಯ್ತಾ?" ಅಂತ ಕೇಳುತ್ತಾಳೆ.

ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರು, ಪಿಕಪ್ಪುಗಳಲ್ಲಿ ದೋಷ ಪತ್ತೆಗೆ ಕಂಪ್ಯೂಟರ್ ಕಡ್ಡಾಯ. ಅದರೊಳಗಿನ ಮಾಹಿತಿ ಯಾರ ಕೈಯಲ್ಲಿರಬೇಕು ಅಂತ ಜಗಳವಾಗಿ, 2012ರಲ್ಲಿ ಮ್ಯಾಸಚೂಸೆಟ್ಸ್‌ನ ಮತದಾರರು ರಿಪೇರಿ ಹಕ್ಕಿನ ಪರ ಮತ ಹಾಕಿದರು. ಕಾರಿನ ಹಿಂಭಾಗ ಬಿಚ್ಚಿ ಪೆಟ್ಟಿಗೆ ಕೂರಿಸಿದ ಆ ರೈತರು ಯಾರನ್ನೂ ಕೇಳಿರಲಿಲ್ಲ. ಅವರು ಕೇಳಿಕೊಂಡು ಕೂತಿದ್ದರೆ ಪಿಕಪ್ಪೇ ಇರುತ್ತಿರಲಿಲ್ಲವೇನೋ.

ಇರಲಿ, ಸ್ಪ್ಯಾನರ್ ಕರೆಯುತ್ತಿದೆ. ನಿಮ್ಮೂರಿನ ಹಿತ್ತಲಲ್ಲೂ ತುಕ್ಕು ಹಿಡಿದ ಜೀಪೋ ವ್ಯಾನೋ ಇದ್ದರೆ ಅದರ ಕಥೆ ಬರೆಯಿರಿ. ಓಡಿಸುವ ಮನಸ್ಸಾದರೆ ಮಾತ್ರ, ಮೊದಲು ಬ್ರೇಕ್ ನೋಡಿ.